ಒಣ ಬೂಟಿನವರು

ಓಸಿತ್ ಮೇಯೆ ಯಾರನ್ನೂ ನಂಬುತ್ತಿರಲಿಲ್ಲ. ಅಂಚೆಯವನು ಒಂದು ದಿನ ತಡಮಾಡಿದರೆ ಕಾಗದ ಒಡೆದು ಓದಿರಬೇಕು ಅನ್ನುವಳು. ಪಾದ್ರಿ ಪ್ರಸಂಗದಲ್ಲಿ ಹೊಟ್ಟೆಕಿಚ್ಚಿನ ಮಾತೆತ್ತಿದರೆ ಯಾರೋ ತನ್ನ ಮೇಲೆ ಚಾಡಿ ಹೇಳಿದ್ದಾರೆ ಅನ್ನುವಳು. ಮೂವತ್ತೊಂದು ವರ್ಷ ಮೀನಿನ ಕಾರ್ಖಾನೆಯಲ್ಲಿ ಹೆರಿಂಗ್ ಮೀನಿನ ಹೊಟ್ಟೆ ಸೀಳಿದ ಕೈ ಅವಳದು. ಮೇಲೆ ಬೆಳ್ಳಿಯ ಹಾಗೆ ಹೊಳೆಯುವುದರ ಒಳಗೆ ಏನಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಏಪ್ರಿಲ್‌ನಲ್ಲಿ ಬಂದ ಕಾಗದ ಓದಿದರೆ ಅವಳಿಗಿಂತ ಸಾಧು ಸ್ವಭಾವದವರಿಗೂ ಅನುಮಾನ ಬರುತ್ತಿತ್ತು. ಇಂಗ್ಲಿಷರು ಕೆನಡಾದ ಕಡಲತೀರದ ಅಕಾದಿಯದಲ್ಲಿ ನೆಲೆಸಿದ್ದ ಫ್ರೆಂಚ್ ಜನರನ್ನೆಲ್ಲ ಹಡಗಿಗೆ ತುಂಬಿ ದಿಕ್ಕು ದಿಕ್ಕಿಗೆ ಎಸೆದು ಆ ವರ್ಷಕ್ಕೆ ಇನ್ನೂರೈವತ್ತು ವರ್ಷ. ಆ ಎತ್ತಂಗಡಿಯ ನಂತರ ಮರಳಿ ಬಂದು ಸೇಂತ್ ಮರೀ ಕೊಲ್ಲಿಯ ದಡದಲ್ಲಿ ಮೊದಲು ಒಲೆ ಹೂಡಿದ ಮನೆತನಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ, ಆಗಸ್ಟ್ ಹದಿನೈದರ ತಮ್ಮ ನಾಡಹಬ್ಬದ ದಿನ ಇಗರ್ಜಿಯ ಮುಂದೆ ನಿಲ್ಲಿಸುವುದೆಂದು ಊರು ತೀರ್ಮಾನಿಸಿತ್ತು. ಕಾಗದದಲ್ಲಿ ಇಪ್ಪತ್ತೆರಡು ಮನೆತನಗಳ ಹೆಸರಿದ್ದವು. ಇಪ್ಪತ್ತಮೂರನೆಯದಾಗಿ ‘ಮೇಯೆ: ಪುರಾವೆ ಒದಗಿಸಿದರೆ’ ಎಂದು ಬರೆದಿತ್ತು. ಕೆಳಗೆ ಸಮಿತಿಯ ಅಧ್ಯಕ್ಷ ಪ್ಲಾಸಿದ್ ದೆವೋನ ದಪ್ಪ ಸಹಿ.

‘ಪುರಾವೆ ಬೇಕಂತೆ, ಪುರಾವೆ! ಇವನ ಬೂಟು ನೆಕ್ಕಿದ್ರೆ ಪುರಾವೆ ಇಲ್ದೇನೂ ಕೆತ್ತಿಸ್ತಾನೆ,’ ಎಂದು ಓಸಿತ್ ಒಲೆಗೆ ಹೇಳಿದಳು. ಗಂಡ ಸತ್ತ ಮೇಲೆ ಅವಳ ಮಾತು ಹೆಚ್ಚಾಗಿ ಒಲೆಯ ಜೊತೆಗೇ.

ಬೂಟಿನ ಮಾತು ಸುಮ್ಮನೆ ಬಂದದ್ದಲ್ಲ. ದೆವೋಗಳು ನಡೆದುಬಂದವರು. ಬೋಸ್ಟನ್ ಕಡೆಯಿಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು, ಕಾಡು ಹಾದು, ಬೂಟು ಸವೆದು ಹೋಗಿ ಕಾಲಿಗೆ ಗೋಣಿ ಸುತ್ತಿಕೊಂಡು ಬಂದವರು. ಕೊಲ್ಲಿಯ ಮುಕ್ಕಾಲು ಮನೆಗಳದ್ದು ಅದೇ ಕಥೆ, ಅದೇ ಜಂಬ. ಮೇಯೆಗಳ ಮೂಲಪುರುಷ ಬಸೀಲ್ ಮಾತ್ರ ಇಂಗ್ಲಿಷ್ ಹಡಗಿನಲ್ಲಿ ಕೂತು ಬಂದ. ದಡಕ್ಕಿಳಿದಾಗ ಅವನ ಬೂಟಿಗೆ ಒಂದು ಹನಿ ನೀರೂ ತಾಗಿರಲಿಲ್ಲವಂತೆ. ಯಾಕೆ ಅವನನ್ನು ಹತ್ತಿಸಿಕೊಂಡರು, ಬದಲಿಗೆ ಅವನು ಯಾರನ್ನು ಹಿಡಿದುಕೊಟ್ಟ ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ‘ಒಣ ಬೂಟಿನವರು’ ಎಂದು ಹೆಸರಿಟ್ಟರು, ಅಷ್ಟೇ. ಏಳು ತಲೆಮಾರು ಕಳೆದರೂ ಆ ಹೆಸರು ಹೋಗಲಿಲ್ಲ. ಶಾಲೆಯಲ್ಲಿ ‘ಒದ್ದೆ ಮಾಡ್ತೀನಿ ಇರು’ ಎಂದು ಓಸಿತಳ ಬೂಟಿನೊಳಗೆ ಬಾವಿಯ ನೀರು ಹೊಯ್ದವನು ಇದೇ ಪ್ಲಾಸಿದ್.

ಅಷ್ಟೂ ಸಾಲದೆಂದು ಇನ್ನೊಂದು ಅವಮಾನವಿತ್ತು. ಪ್ರತಿ ನವೆಂಬರಿನಲ್ಲಿ, ಹಂದಿ ಕಡಿಯುವ ಕಾಲಕ್ಕೆ, ಮೇಯೆಗಳ ಹಿತ್ತಲ ಬಾಗಿಲಲ್ಲಿ ಬಿಳಿ ಬಟ್ಟೆ ಸುತ್ತಿದ ತೊಡೆಮಾಂಸದ ತುಂಡೊಂದು ಇರುತ್ತಿತ್ತು. ಇಟ್ಟವರು ಬಾಗಿಲು ತಟ್ಟುವುದಿಲ್ಲ, ಕೂಗುವುದಿಲ್ಲ. ಹಿಮದ ಮೇಲಿನ ಹೆಜ್ಜೆಗಳು ನೇರವಾಗಿ ದೆವೋಗಳ ಬೇಲಿಗೆ ಹೋಗುತ್ತಿದ್ದವು. ‘ಇಂಗ್ಲಿಷರ ಎಂಜಲು ತಿಂದವ್ರು, ನಮ್ಮದೂ ತಿನ್ನಲಿ ಅಂತ ಇಡ್ತಾರೆ,’ ಎನ್ನುತ್ತಿದ್ದ ಓಸಿತಳ ತಾಯಿ ಅದನ್ನು ಮುಟ್ಟಗೊಡುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಓಸಿತ್ ಕೂಡ ಅದನ್ನು ಇಕ್ಕಳದಲ್ಲಿ ಹಿಡಿದು ಕಡಲಿಗೆ ಒಯ್ದು ಎಸೆಯುತ್ತ ಬಂದಿದ್ದಳು. ಯಾರಿಗೆ ಗೊತ್ತು, ಅದರಲ್ಲಿ ಏನು ಬೆರೆಸಿದ್ದಾರೋ.

ಇದೆಲ್ಲ ಅವಳೊಬ್ಬಳದೇ ಆಗಿದ್ದರೆ ಕಾಗದವನ್ನು ಒಲೆಗೆ ಹಾಕಿ ಸುಮ್ಮನಿರುತ್ತಿದ್ದಳು. ಆದರೆ ಅಣ್ಣನಿದ್ದ. ಮೇಯೆಗಳ ಹಿರಿಮಗನಿಗೆ ಯಾವಾಗಲೂ ಬಸೀಲ್ ಎಂದೇ ಹೆಸರು, ಅಣ್ಣನೂ ಬಸೀಲನೇ. ಎಂಬತ್ತೆರಡು ವರ್ಷ, ವೃದ್ಧರ ಆರೈಕೆ ಮನೆಯಲ್ಲಿ ಕಿಟಕಿ ಪಕ್ಕದ ಮಂಚ. ಎದೆಯಲ್ಲಿ ಉಸಿರು ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಬೇಸಿಗೆ ದಾಟಬಹುದು, ಚಳಿಗಾಲದ ಮಾತು ಬೇಡ ಎಂದಿದ್ದರು ಡಾಕ್ಟರು. ಜೀವಮಾನವೆಲ್ಲ ಆಗಸ್ಟ್ ಹದಿನೈದರಂದು ಊರೇ ತಟ್ಟೆ ತಪ್ಪಲೆ ಬಡಿದುಕೊಂಡು ಮೆರವಣಿಗೆ ಹೋಗುವಾಗ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತವನು ಅವನು. ಈಗ ಭಾನುವಾರ ಭಾನುವಾರ ಅವನಿಗೆ ಒಂದೇ ಪ್ರಶ್ನೆ: ‘ನಮ್ಮ ಹೆಸರು ಹತ್ತಿತೇನೇ ಕಲ್ಲಿಗೆ?’

ಹಾಗಾಗಿ ಓಸಿತ್ ಟೋಪಿ ಹಾಕಿಕೊಂಡು ಹಳೆಯ ದಾಖಲೆಗಳ ಕಚೇರಿಗೆ ಹೋದಳು.

ಅಲ್ಲಿದ್ದ ಹುಡುಗಿಯ ಹೆಸರು ಲೂದಿವೀನ್. ‘ಯಾವ ಮೇಯೆ ಅತ್ತೆ ನೀವು?’ ಎಂದು ಕೇಳಿದಳು.

‘ಓಸಿತ್. ಬಸೀಲನ ಮಗಳು. ಅವನು ಬಸೀಲನ ಮಗ, ಅವನು ಬಸೀಲನ ಮಗ, ಅವನು...’

‘ಸಾಕು ಅತ್ತೆ, ಗೊತ್ತಾಯ್ತು,’ ಎಂದು ಹುಡುಗಿ ನಕ್ಕಳು.

‘ನೀನು ಯಾರ ಮಗಳು?’

‘ನಮ್ಮಮ್ಮ ದೆವೋ ಮನೆಯವಳು.’

ಓಸಿತ್ ಕೈಚೀಲವನ್ನು ತೊಡೆಯ ಮೇಲೆಳೆದುಕೊಂಡಳು. ಅಲ್ಲಿಂದ ಮುಂದೆ ಹುಡುಗಿ ಒಳಗೆ ಹೋಗಿ ಹತ್ತು ನಿಮಿಷ ಕಳೆದರೆ, ಪ್ಲಾಸಿದನಿಗೆ ಫೋನು ಮಾಡುತ್ತಿದ್ದಾಳೆ ಎಂದೇ ಅವಳ ಲೆಕ್ಕ. ಪುಟ ಮಸುಕಾಗಿದ್ದರೆ ಯಾರೋ ಬೇಕೆಂದೇ ಒರೆಸಿದ್ದಾರೆ. ಪುಟ ಹರಿದಿದ್ದರೆ ದೆವೋಗಳೇ ಹರಿದಿದ್ದಾರೆ.

ಮೂರನೆಯ ದಿನ ಲೂದಿವೀನ್ ತಂದಿಟ್ಟ ಹಾಳೆ ಮಾತ್ರ ಸ್ಪಷ್ಟವಾಗಿತ್ತು. ಎತ್ತಂಗಡಿಯ ಕಾಲದಲ್ಲಿ ಪಾದ್ರಿಗಳು ಎಲ್ಲಿದ್ದರು? ಗಂಡು ಹೆಣ್ಣು ಒಪ್ಪಿದರೆ ಹಿರಿಯನೊಬ್ಬ ಪ್ರಾರ್ಥನೆ ಓದಿ ಕೈ ಕೂಡಿಸಿಬಿಡುತ್ತಿದ್ದ. ಮುಂದೆ ಯಾವತ್ತೋ ಪಾದ್ರಿ ಆ ಕಡೆ ಬಂದರೆ ಅಂಥ ಮದುವೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಂಕುಳಲ್ಲಿ ಮಕ್ಕಳಿದ್ದರೂ ಸರಿ, ಮತ್ತೊಮ್ಮೆ ಆಶೀರ್ವಾದ ಮಾಡಿ ಬರೆದುಕೊಳ್ಳುತ್ತಿದ್ದ. ೧೭೬೯ರ ಆ ಹಾಳೆಯಲ್ಲಿ ಇದ್ದದ್ದು ಇಷ್ಟು: ಬಸೀಲ್ ಮೇಯೆ ಮತ್ತು ಆನ್ ಸುರೆತ್, ಹಿರಿಯರ ಮುಂದೆ ಮದುವೆಯಾದವರು, ಈ ದಿನ ಇಗರ್ಜಿಯ ಆಶೀರ್ವಾದ ಪಡೆದರು. ಇಬ್ಬರಿಗೂ ಮೂರನೆಯ ತಲೆಯ ರಕ್ತಸಂಬಂಧವಿರುವುದರಿಂದ ವಿನಾಯಿತಿ ಕೊಡಲಾಗಿದೆ. ಇಬ್ಬರ ರಕ್ತವನ್ನೂ ಬಲ್ಲ ಅಮಾನ್ ದೆವೋ ಹೀಗೆಂದು ಪ್ರಮಾಣ ಮಾಡಿದ್ದಾನೆ.

‘ಪುರಾವೆ ಸಿಕ್ತಲ್ಲ ಅತ್ತೆ!’ ಎಂದಳು ಲೂದಿವೀನ್. ಓಸಿತಳಿಗೂ ಖುಷಿಯಾಯಿತು. ಬಸ್ ನಿಲ್ದಾಣ ಮುಟ್ಟುವವರೆಗೆ ಇತ್ತು ಆ ಖುಷಿ.

ಯಾಕೆಂದರೆ ಕೊಲ್ಲಿಯಲ್ಲಿ ಹುಟ್ಟಿದ ಯಾರಿಗೇ ಆಗಲಿ ‘ಮೂರನೆಯ ತಲೆ’ ಎಂಬ ಮಾತು ಕಿವಿಗೆ ಬಿದ್ದರೆ ಬೆರಳುಗಳು ತಾವಾಗಿ ಎಣಿಸತೊಡಗುತ್ತವೆ. ಇಪ್ಪತ್ತಮೂರು ಮನೆತನಗಳು ಒಂದೇ ದಡದಲ್ಲಿ ಕೊಟ್ಟು ತಂದು ಮಾಡಿದ ಊರು. ಯಾರಿಗೆ ಯಾರು ಏನಾಗಬೇಕು, ಯಾವ ವರಸೆ, ಆಗುತ್ತದೋ ಇಲ್ಲವೋ ಎನ್ನುವುದನ್ನು ಅಜ್ಜಿಯರು ಜಪಮಾಲೆಗಿಂತ ಮೊದಲು ಕಲಿಸುತ್ತಾರೆ. ಮೂರನೆಯ ತಲೆ ಅಂದರೆ ಇಬ್ಬರಿಗೂ ಮುತ್ತಜ್ಜ ಒಬ್ಬನೇ ಆಗಿರಬೇಕು. ಆನ್ ಸುರೆತಳ ಮುತ್ತಜ್ಜಂದಿರು ನಾಲ್ವರೂ ಪೋರ್ ರೋಯಾಲ್ ಕಡೆಯವರು. ಬಸೀಲ್ ಮೇಯೆ ಹುಟ್ಟಿದ್ದು ದೂರದ ಕೊಬೆಕಿಯಲ್ಲಿ, ಪಿಯೇರ್ ಮೇಯೆಯ ಒಬ್ಬನೇ ಮಗ. ಆ ಪಿಯೇರ್ ಫ್ರಾನ್ಸಿನಿಂದ ಒಂಟಿಯಾಗಿ ಬಂದವನು, ಹೆಂಡತಿಯೂ ಅಲ್ಲಿಂದಲೇ ಬಂದವಳು. ಈ ಎರಡು ರಕ್ತ ಎಲ್ಲಿ ಕೂಡುತ್ತದೆ? ಓಸಿತ್ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಎಳೆದು ನೋಡಿದಳು. ಎಲ್ಲಿಯೂ ಕೂಡಲಿಲ್ಲ.

‘ಪಾದ್ರಿ ಕುಡಿದಿದ್ನೋ, ಇವನು ಸುಳ್ಳು ಹೇಳಿದ್ನೋ?’ ಎಂದು ಒಲೆಯನ್ನು ಕೇಳಿದಳು.

ಅವಳಿಗೆ ಪಾದ್ರಿಗಿಂತ ಮೂಲಪುರುಷನ ಮೇಲೆಯೇ ಅನುಮಾನ ಹೋಯಿತು. ಆದರೆ ಇಲ್ಲದ ಸಂಬಂಧವನ್ನು ಇದೆ ಎಂದು ಯಾರಾದರೂ ಸುಳ್ಳು ಹೇಳುತ್ತಾರೆಯೇ? ಇದ್ದದ್ದನ್ನು ಮುಚ್ಚಿಡುತ್ತಾರೆ. ವಿನಾಯಿತಿ ಪಡೆಯದೆ ರಕ್ತದ ಸಂಬಂಧದಲ್ಲಿ ಕೂಡಿದರೆ ದೇವರ ಎದುರು ಆ ಮದುವೆ ಮದುವೆಯಲ್ಲ, ಹುಟ್ಟಿದ ಮಕ್ಕಳು ಸಕ್ರಮವಲ್ಲ. ಇಂಗ್ಲಿಷರ ಮುಂದೆ ಏನು ಬೇಕಾದರೂ ಹೇಳಬಹುದು, ಇದರಲ್ಲಿ ಆಗದು. ಹಾಗಾದರೆ ರಕ್ತ ನಿಜ. ಸುಳ್ಳಾಗಿದ್ದರೆ ಹೆಸರು ಸುಳ್ಳಾಗಿರಬೇಕು. ಓಸಿತ್ ಪೆನ್ಸಿಲು ಕೆಳಗಿಟ್ಟಳು.

ಮುಂದಿನ ವಾರ ಲೂದಿವೀನ್ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖದಲ್ಲಿ ನಗು ಇರಲಿಲ್ಲ. ಮಸಾಚುಸೆಟ್ಸ್ ಕಡೆಯ ದಾಖಲೆಗಳ ಪ್ರತಿಗಳಲ್ಲಿ ಎರಡು ಕಾಗದ ಸಿಕ್ಕಿದ್ದವು.

‘ಯಾರು ಹುಡುಕು ಅಂದ್ರು ನಿಂಗೆ?’ ಎಂದಳು ಓಸಿತ್.

‘ಮೇಯೆ ಅನ್ನೋ ಹೆಸರು ಕಂಡ್ರೆ ತೆಗೆದಿಡು ಅಂದ್ರಲ್ಲ, ನೀವೇ!’

ಮೊದಲನೆಯದು ಬೋಸ್ಟನ್ ಹತ್ತಿರದ ಯಾವುದೋ ಊರಿನ ಪಂಚರು ಬರೆಸಿದ್ದು. ಫ್ರೆಂಚ್ ಜನದ ಬಸೀಲ್ ಮೇಯೆ, ಕೊಬೆಕಿಯ ಪಿಯೇರನ ಮಗ, ಮದುವೆಯಾಗದವನು, ೧೭೬೩ ಫೆಬ್ರವರಿ ಎರಡರಂದು ಎದೆಯ ಕಾಯಿಲೆಯಿಂದ ಸತ್ತ. ಪೆಟ್ಟಿಗೆ ಮಾಡಿಸಿ ಹೂಳಲಾಯಿತು. ಎರಡನೆಯದು ಮೂರು ವರ್ಷದ ನಂತರ ಪಕ್ಕದ ಊರಿನವರು ಕೊಟ್ಟ ರಹದಾರಿ. ಬಸೀಲ್ ಮೇಯೆ, ಕೊಬೆಕಿಯ ಪಿಯೇರನ ಮಗ, ಹಡಗಿನ ಕೆಲಸದಾಳಾಗಿ ಉತ್ತರಕ್ಕೆ ಹೋಗಲು ಅಡ್ಡಿಯಿಲ್ಲ. ಮಣ್ಣಿಗೆ ಹೋದವನು ಎದ್ದು ಬಂದು ಹಡಗು ಹತ್ತಿದ್ದ, ಅದೂ ಬೂಟು ಒದ್ದೆಯಾಗದ ಹಾಗೆ.

‘ಅತ್ತೆ, ಸಮಿತಿಯವ್ರು ಮೇಯೆಗಳ ಬಗ್ಗೆ ಏನು ಸಿಕ್ರೂ ಕಳ್ಸು ಅಂದಿದ್ದಾರೆ,’ ಎಂದಳು ಹುಡುಗಿ ಮೆಲ್ಲಗೆ. ‘ನಾನು ಇನ್ನೂ ಏನೂ ಕಳ್ಸಿಲ್ಲ. ಇದು ನಿಮ್ಮನೆ ವಿಷ್ಯ. ನೀವು ಹೇಳ್ದಂಗೆ.’

ಓಸಿತಳಿಗೆ ಆ ಮಾತೂ ನಂಬಿಕೆಯಾಗಲಿಲ್ಲ. ಎರಡೂ ಪ್ರತಿಗಳನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡು ಮನೆಗೆ ಬಂದು ಹಿಟ್ಟಿನ ಡಬ್ಬಿಯ ತಳಕ್ಕೆ ತುರುಕಿದಳು. ಆಮೇಲೆ ಕುರ್ಚಿಯಲ್ಲಿ ಕುಸಿದಳು. ಫೆಬ್ರವರಿ ಎರಡು, ಮೋಂಬತ್ತಿ ಹಬ್ಬ! ಊರಿಗೆಲ್ಲ ಅದು ದೋಸೆ ಹುಯ್ದು ತಿನ್ನುವ ಹಬ್ಬ. ಮೇಯೆಗಳ ಮನೆಯಲ್ಲಿ ಮಾತ್ರ ಇಗರ್ಜಿಯಿಂದ ತಂದ ಮೋಂಬತ್ತಿಯನ್ನು ಊಟಕ್ಕೆ ಮೊದಲು ‘ಬಸೀಲನಿಗೆ’ ಎಂದು ಹಚ್ಚುವುದು. ಅದು ಮೂಲಪುರುಷ ಸತ್ತ ದಿನ ಎಂದು ಎಲ್ಲರೂ ತಿಳಿದಿದ್ದರು. ಆದರೆ ಇಲ್ಲಿನ ಇಗರ್ಜಿಯ ಪುಸ್ತಕದ ಪ್ರಕಾರ ಅವನನ್ನು ಹೂಳಿದ್ದು ಅಕ್ಟೋಬರಿನಲ್ಲಿ. ಅದನ್ನು ಅವಳು ಹೋದ ವಾರವಷ್ಟೇ ಕಂಡಿದ್ದಳು, ಪಾದ್ರಿಯ ತಪ್ಪಿರಬೇಕು ಎಂದು ಬಿಟ್ಟಿದ್ದಳು.

ಅಂದರೆ ಅವನಿಗೆ ಗೊತ್ತಿತ್ತು. ಯಾರ ಹೆಸರು ಹೊತ್ತು ತಿರುಗುತ್ತಿದ್ದೇನೆ, ಆ ಮನುಷ್ಯ ಯಾವ ದಿನ ಸತ್ತ ಎಂದು ಗೊತ್ತಿಟ್ಟುಕೊಂಡೇ ಇಲ್ಲಿ ಮೂವತ್ತು ಚಿಲ್ಲರೆ ವರ್ಷ ಬಾಳಿದ. ಕೊಂದಿದ್ದನೇ? ಕೊಂದವರೂ ಮೋಂಬತ್ತಿ ಹಚ್ಚುತ್ತಾರೆ; ಅವರೇ ಹೆಚ್ಚು ಹಚ್ಚುತ್ತಾರೆ. ಓಸಿತಳಿಗೆ ತನ್ನ ಕೈಬೆರಳುಗಳನ್ನು ನೋಡಿಕೊಳ್ಳುವುದಕ್ಕೇ ಹೇಸಿಗೆಯಾಯಿತು. ಊರವರು ಅವನನ್ನು ಬರಿಯ ದ್ರೋಹಿ ಎಂದಿದ್ದರು. ಇವಳಿಗೆ ಸಿಕ್ಕವನು ಅದಕ್ಕಿಂತ ದೊಡ್ಡವನಾಗಿದ್ದ.

ಭಾನುವಾರ ಅಣ್ಣನ ಮಂಚದ ಪಕ್ಕ ಕೂತು ಸುಮ್ಮನೆ ಕೇಳುವವಳಂತೆ ಕೇಳಿದಳು. ‘ಅಣ್ಣ, ಫೆಬ್ರವರಿಲಿ ಮೋಂಬತ್ತಿ ಹಚ್ತೀವಲ್ಲ, ಅದು ಯಾವ ಬಸೀಲಂಗೆ?’

‘ನಮ್ಮ ಬಸೀಲಂಗೇ.’

‘ಯಾವನು? ಹಿಡ್ಕೊಂಡು ಎಳೆದ್ರೆ ನಮ್ಮನೇಲಿ ಏಳು ಜನ ಬರ್ತಾರೆ.’

ಅಣ್ಣ ಉಸಿರು ಕೂಡಿಸಿಕೊಂಡ. ‘ಅಜ್ಜ ಹೇಳೋನು, ಇದು ನಂಗೂ ಅಲ್ಲ, ನಿಮ್ಮಪ್ಪಂಗೂ ಅಲ್ಲ, ಮೊದಲನೇ ಬಸೀಲಂಗೆ ಅಂತ. ಊದಿ ಆರಿಸೋ ಹಾಗಿಲ್ಲ, ತಾನೇ ಆರ್ಬೇಕು ಅನ್ನೋನು. ಒಂದ್ಸಲ ನಾನು ಆರಿಸ್ಬಿಟ್ಟೆ ನೋಡು, ಕೆನ್ನೆಗೆ ಬಿಟ್ಟ.’ ಆ ಏಟು ಈಗಲೂ ಇಷ್ಟವೆಂಬಂತೆ ನಕ್ಕ. ‘ಯಾಕೆ? ಹೆಸರು ಹತ್ತಿತಾ ಕಲ್ಲಿಗೆ?’

‘ಹತ್ತತ್ತೆ ಬಿಡು,’ ಎಂದಳು ಓಸಿತ್.

ಆ ಗಳಿಗೆಯಲ್ಲಿ ತೀರ್ಮಾನವಾಗಿಹೋಯಿತು. ಮದುವೆಯ ಹಾಳೆಯೊಂದನ್ನೇ ಸಮಿತಿಗೆ ಕೊಡುವುದು. ೧೭೬೯ರಲ್ಲಿ ಮೇಯೆ ಎಂಬವನು ಇಲ್ಲಿದ್ದ ಎಂಬುದಕ್ಕೆ ಅಷ್ಟು ಸಾಕು. ಶವಪೆಟ್ಟಿಗೆಯ ಕಾಗದ ಹಿಟ್ಟಿನ ಡಬ್ಬಿಯಲ್ಲೇ ಇರಲಿ, ತಾನು ಸತ್ತ ಮೇಲೆ ಹುಳ ತಿನ್ನಲಿ. ಅಣ್ಣ ಹೆಸರು ನೋಡಿ ಕಣ್ಣು ಮುಚ್ಚಿದರೆ ಸಾಕು.

ಪ್ಲಾಸಿದ್ ತಾನೇ ಬಂದ. ಜೂನ್ ಕೊನೆ, ಮಧ್ಯಾಹ್ನ. ಓಸಿತ್ ರಾಪ್ಯೂರ್ ಮಾಡಲು ಕೂತಿದ್ದಳು. ಬಕೆಟ್ಟಿನಷ್ಟು ಆಲೂಗಡ್ಡೆ ತುರಿದು, ಬಟ್ಟೆಯಲ್ಲಿ ಕಟ್ಟಿ ಹಿಂಡುವ ಕೆಲಸ. ಎಷ್ಟು ನೀರು ಹಿಂಡಿ ತೆಗೆದಿರುತ್ತೇವೋ ಅಷ್ಟೇ ಅಳತೆಯ ಕುದಿಯುವ ಕೋಳಿಸಾರನ್ನು ಮತ್ತೆ ಅದಕ್ಕೆ ಕುಡಿಸಬೇಕು. ಅಳತೆ ತಪ್ಪಿದರೆ ಗೋಂದು. ಅದಕ್ಕೇ ಅವಳು ಎದ್ದು ನಿಲ್ಲಲಿಲ್ಲ.

‘ಏನೇ ಓಸಿತ್, ಸೋಮವಾರ ಕಲ್ಲು ಕೆತ್ತೋನು ಬರ್ತಾನೆ,’ ಎಂದ ಪ್ಲಾಸಿದ್ ಬಾಗಿಲಲ್ಲೇ ನಿಂತು. ಎಪ್ಪತ್ತರ ಮನುಷ್ಯ, ಲಾಬ್‌ಸ್ಟರ್ ದೋಣಿ ಮಾರಿದ ಮೇಲೆ ಹೊಟ್ಟೆ ಬಂದಿತ್ತು. ‘ಪುರಾವೆ ಏನಾದ್ರೂ ಸಿಕ್ತೋ, ಇಲ್ಲ ಬೂಟೇ ತೋರಿಸ್ತೀಯೋ?’

‘ಬೂಟಿಂದ ಹೊಡೆದು ತೋರಿಸ್ತೀನಿ. ಬಾ ಒಳಗೆ.’

ಕೈ ಒರೆಸಿಕೊಂಡು ಮದುವೆಯ ಹಾಳೆಯನ್ನು ಅವನ ಮುಂದಿಟ್ಟಳು. ಪ್ಲಾಸಿದ್ ಕನ್ನಡಕ ಹಾಕಿಕೊಂಡು ಓದಿದ. ಅಮಾನ್ ದೆವೋ ಎಂಬ ಹೆಸರು ಬಂದಾಗ ನೆಟ್ಟಗೆ ಕೂತ. ‘ಇದು ನಮ್ಮ ಮೂಲದ ಅಜ್ಜ! ನಡ್ಕೊಂಡು ಬಂದೋನು!’ ಎಂದ.

‘ಹೌದಪ್ಪ, ನಿಮ್ಮಜ್ಜನೇ ಸಾಕ್ಷಿ. ಇನ್ನೇನು ಬೇಕು ನಿಂಗೆ? ಬರ್ಕೋ ಹೆಸರು.’

ಆದರೆ ಓಸಿತ್ ಒಂದು ತಪ್ಪು ಮಾಡಿದ್ದಳು. ಪ್ಲಾಸಿದನಿಗೂ ಅಜ್ಜಿ ಇದ್ದಳು ಎಂಬುದನ್ನು ಮರೆತಿದ್ದಳು. ಹೆಸರು ಬರೆದುಕೊಳ್ಳಲು ಹೊರಟ ಅವನ ಕೈ ನಿಂತಿತು. ಎಡಗೈ ಹೆಬ್ಬೆರಳು ತಾನಾಗಿ ಬೆರಳ ಗೆರೆಗಳ ಮೇಲೆ ಓಡಾಡತೊಡಗಿತು.

‘ಮೂರನೇ ತಲೆ?’ ಎಂದ. ‘ಕೊಬೆಕಿ ಮೇಯೆಗೂ ಸುರೆತ್ ಹುಡುಗಿಗೂ? ಅದೆಲ್ಲಿಂದ ಬಂತೇ?’

‘ನಂಗೇನು ಗೊತ್ತು? ಪಾದ್ರಿ ಬರೆದಿದ್ದು.’

‘ಪಾದ್ರಿ ಬರೆದಿದ್ದು ನಮ್ಮಜ್ಜ ಹೇಳಿದ್ದನ್ನ. ನಮ್ಮಜ್ಜ ವರಸೆ ತಪ್ಪೋನಲ್ಲ.’ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ‘ಏನೋ ಬಚ್ಚಿಡ್ತಿದ್ದೀಯ ನೀನು. ಚಿಕ್ಕಂದಿನಿಂದ ನೋಡಿದೀನಿ. ಸುಳ್ಳು ಹೇಳುವಾಗ ನಿನ್ನ ಮೂಗು ಕೆಂಪಗಾಗತ್ತೆ.’

‘ಈರುಳ್ಳಿ ಹೆಚ್ಚಿದೆ, ಅದಕ್ಕೆ.’

‘ಎಲ್ಲಿದೆ ಈರುಳ್ಳಿ?’

ಮೇಜಿನ ಮೇಲೆ ಆಲೂಗಡ್ಡೆಯ ಹೊರತು ಏನೂ ಇರಲಿಲ್ಲ. ಓಸಿತಳಿಗೆ ಅಳು ಬಂತು. ಅವಳು ಅಳುವ ಹೆಂಗಸಲ್ಲ. ಇವನ ಮುಂದೆ ಅಳು ಬಂದುದಕ್ಕೆ ಇನ್ನಷ್ಟು ಸಿಟ್ಟು ಬಂತು. ಎದ್ದು ಹೋಗಿ ಹಿಟ್ಟಿನ ಡಬ್ಬಿ ಬೋರಲು ಮಾಡಿ, ಹಿಟ್ಟು ಮೆತ್ತಿದ ಎರಡು ಕಾಗದಗಳನ್ನು ಅವನ ಎದೆಗೆ ಒತ್ತಿದಳು.

‘ತಗೋ! ಓದು! ಮೇಯೆ ಅಲ್ವಂತೆ ನಾವು. ಸತ್ತೋನ ಹೆಸರು ಕದ್ದ ಯಾರೋ ನಮ್ಮಜ್ಜ. ಕೊಂದೂ ಇರಬಹುದು. ಹೋಗು, ಊರಿಗೆಲ್ಲ ಸಾರು. ಆದ್ರೆ ಅಣ್ಣನ ಕಿವಿಗೆ ಮಾತ್ರ ಹಾಕ್ಬೇಡ ಪ್ಲಾಸಿದ್, ನಿನ್ನ ಕಾಲಿಗೆ ಬೀಳ್ತೀನಿ. ಅವನು ಹೋದ್ಮೇಲೆ ಏನು ಬೇಕಾದ್ರೂ ಮಾಡು.’

ಪ್ಲಾಸಿದ್ ಓದಿದ. ಎರಡನೆಯ ಸಲ ಓದಿದ. ಅವನಿಂದ ಒಂದು ನಗೆಯೋ ಒಂದು ಕುಹಕವೋ ಬರಲಿ ಎಂದು ಓಸಿತ್ ಕೈಯಲ್ಲಿ ತುರಿಮಣೆ ಹಿಡಿದೇ ನಿಂತಿದ್ದಳು. ಅವನು ಮತ್ತೆ ಬೆರಳು ಎಣಿಸುತ್ತಿದ್ದ.

‘ಆನ್ ಸುರೆತ್ ಅಮ್ಮನ ಅಮ್ಮ ದೆವೋ ಮನೆ ಹೆಣ್ಣು,’ ಎಂದ ನಿಧಾನವಾಗಿ. ‘ಮಿಶೆಲ್ ದೆವೋ ಆನ್‌ಗೆ ಮುತ್ತಜ್ಜ. ಅಮಾನಂಗೂ ಅವನೇ ಮುತ್ತಜ್ಜ. ಅಮಾನಂಗೆ ಅವಳು ಮೂರನೇ ತಲೆ.’

‘ಅದಕ್ಕೆ?’

‘ಅಮಾನಂಗೆ ಒಬ್ಬ ತಮ್ಮ ಇದ್ದ.’

ಪ್ಲಾಸಿದನ ನಡುಮನೆಯಲ್ಲಿ ಗಾಜಿನ ಚೌಕಟ್ಟು ಹಾಕಿಸಿ ತೂಗುಹಾಕಿದ್ದ ದೆವೋ ವಂಶವೃಕ್ಷವನ್ನು ಊರಲ್ಲಿ ನೋಡದವರಿಲ್ಲ. ಅದರಲ್ಲಿ ಒಂದು ಕೊಂಬೆಗೆ ಎಲೆಯೇ ಇರಲಿಲ್ಲ. ಸಿಪ್ರಿಯೆನ್. ಗಡೀಪಾರಿನ ಹಡಗೊಂದನ್ನು ಸಮುದ್ರದ ಮಧ್ಯೆ ಕೈದಿಗಳೇ ಹಿಡಿದು ತಿರುಗಿಸಿದ್ದರು. ಚುಕ್ಕಾಣಿ ಹಿಡಿದಿದ್ದವನು ಅವನು. ಇಂಗ್ಲಿಷರು ಅವನ ಹೆಸರು ಹಿಡಿದು ಊರೂರಿಗೆ ಡಂಗುರ ಹೊಡೆಸಿದ್ದರು, ಸಿಕ್ಕರೆ ನೇಣು. ಆಮೇಲೆ ಏನಾದನೋ ಯಾರಿಗೂ ಗೊತ್ತಿಲ್ಲ ಎಂದೇ ದೆವೋಗಳು ಹೇಳುತ್ತಿದ್ದರು.

‘ಅಮಾನ್ ನಮ್ಮ ಬಸೀಲನ್ನ ಹಾಳುಬಿದ್ದ ಒಣ ಬೂಟಿನೋನು ಅಂತ ಕರೀತಿದ್ದ,’ ಎಂದಳು ಓಸಿತ್. ‘ಆ ಹೆಸರಿಟ್ಟೋನೇ ಅವನು ಅಂತ ನೀವೇ ಕೊಚ್ಕೋತೀರಲ್ಲ?’

‘ಹೌದು.’

‘ಅಷ್ಟು ಹೊಟ್ಟೆ ಉರಿಯೋ ಮನುಷ್ಯ ಇವನ ಮದುವೆಗೆ ಬಂದು ರಕ್ತ ಬಲ್ಲೆ ಅಂತ ದೇವರ ಮುಂದೆ ಆಣೆ ಯಾಕೆ ಇಟ್ಟ?’

ಸತ್ತವನ ಹೆಸರಿನ ರಹದಾರಿ ಹಿಡಿದು ಬಂದವನು ಯಾರೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ರಾಜನಿಷ್ಠೆಯ ಪ್ರಮಾಣ ಮಾಡಿಸಲು ಇಂಗ್ಲಿಷ್ ಅಧಿಕಾರಿ ದಡಕ್ಕೆ ಬಂದಾಗ, ಜನರ ಮಧ್ಯೆ ನಿಂತು ಒಬ್ಬ ಇನ್ನೊಬ್ಬನನ್ನು ‘ಇಂಗ್ಲಿಷರ ನಾಯಿ, ಒಣ ಬೂಟು’ ಎಂದು ಉಗಿಯುತ್ತಿದ್ದರೆ, ಅವರಿಬ್ಬರೂ ಒಂದೇ ತೊಟ್ಟಿಲಲ್ಲಿ ಬೆಳೆದವರೆಂದು ಯಾವ ಅಧಿಕಾರಿಗೆ ಅನುಮಾನ ಬಂದೀತು? ಬೈದು ಬೈದೇ ತಮ್ಮನ ಕುತ್ತಿಗೆ ಉಳಿಸಿದ್ದ ಅಣ್ಣ. ಮಕ್ಕಳು ಬೈಗುಳವನ್ನು ಕಲಿತರು. ಕಾರಣ ಹೇಳುವಷ್ಟು ಧೈರ್ಯದ ಕಾಲ ಬರುವಷ್ಟರಲ್ಲಿ ಹೇಳಬೇಕಾದವರು ಮಣ್ಣಿನಲ್ಲಿದ್ದರು.

ಪ್ಲಾಸಿದ್ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ‘ಅದಕ್ಕೇ ಆ ಮಾಂಸ,’ ಎಂದ.

‘ಯಾವ ಮಾಂಸ?’ ಎಂದಳು ಓಸಿತ್. ಗೊತ್ತಿದ್ದೂ ಕೇಳಿದಳು.

‘ನಮ್ಮಪ್ಪ ಸಾಯುವಾಗ ಹೇಳಿದ್ದ. ಹಂದಿ ಕಡಿದಾಗ ಮೊದಲ್ನೇ ತೊಡೆ ಮೇಯೆ ಮನೆ ಹಿತ್ತಲಲ್ಲಿ ಇಟ್ಟು ಬಾ, ತಟ್ಬೇಡ, ಮಾತಾಡ್ಬೇಡ, ಯಾಕೆ ಅಂತ ಕೇಳ್ಬೇಡ, ತನ್ನಪ್ಪಂಗೂ ಗೊತ್ತಿರ್ಲಿಲ್ಲ ಅಂದ. ಹಂದಿ ಸಾಕೋದು ಬಿಟ್ಟು ಇಪ್ಪತ್ತು ವರ್ಷ ಆಯ್ತು ಓಸಿತ್. ಅಂಗಡೀಲಿ ತಂದು ಇಡ್ತಿದೀನಿ.’ ಟೋಪಿ ತಿರುಗಿಸುತ್ತ ಕೇಳಿದ, ‘ಚೆನ್ನಾಗಿರ್ತಿತ್ತಾ?’

ಓಸಿತಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ‘ಕಡಲಿಗೆ ಎಸೀತಿದ್ದೆ,’ ಎಂದಳು.

‘ಎಲ್ಲಾನೂ?’

‘ಮೂವತ್ತೆಂಟು ವರ್ಷದ್ದು. ಅದಕ್ಕೆ ಮುಂಚೆ ಅಮ್ಮ ಎಸೀತಿದ್ಲು.’

‘ನಿಮ್ಮ ಕಡೆ ಕಡಲಕಾಗೆಗಳು ಹಾರಕ್ಕಾಗದೆ ಒದ್ದಾಡೋದು ಯಾಕೆ ಅಂತ ಈಗ ಗೊತ್ತಾಯ್ತು,’ ಎಂದ ಪ್ಲಾಸಿದ್. ಮೊದಲು ನಕ್ಕವಳು ಓಸಿತ್. ಹಾಗೆ ನಗುತ್ತ ನಗುತ್ತ ಇಬ್ಬರೂ ಕಣ್ಣೊರೆಸಿಕೊಂಡರು, ಅವರವರ ತೋಳಿಗೆ.

ಆಮೇಲೆ ಅವನು ಅಂಗಿಯ ತೋಳು ಮಡಿಸಿ ಆಲೂಗಡ್ಡೆಯ ಗಂಟಿನ ಒಂದು ತುದಿ ಹಿಡಿದ. ಹಿಂಡುತ್ತ ಹಿಂಡುತ್ತ ಅಧ್ಯಕ್ಷನ ಗತ್ತು ತಿರುಗಿ ಬಂತು. ‘ಸೋಮವಾರ ಸಮಿತಿಗೆ ಹೇಳ್ತೀನಿ. ನೀವು ದೆವೋಗಳೇ. ಅದೂ ಹಡಗು ತಿರುಗಿಸಿದ ದೆವೋ. ನಮ್ಮ ಹೆಸರಿನ ಪಕ್ಕದಲ್ಲೇ ಸಿಪ್ರಿಯೆನ್ ಅಂತ ಕೆತ್ತಿಸೋಣ. ಮೇಯೆ ಅನ್ನೋದನ್ನ ತೆಗೆದುಹಾಕ್ತೀನಿ. ಬಸೀಲಣ್ಣ ಎದೆ ಉಬ್ಬಿಸ್ಕೊಂಡು ಬರಲಿ.’

ಇಷ್ಟು ದಿನ ಅವಳು ಬೇಡಿಕೊಂಡಿದ್ದಕ್ಕಿಂತ ಹೆಚ್ಚಿನದೇ ಸಿಕ್ಕಿತ್ತು. ಓಸಿತ್ ಬೋಗುಣಿಯಲ್ಲಿ ಹಿಂಡಿದ ನೀರನ್ನು ಅಳೆಯುತ್ತಿದ್ದಳು. ಅಳೆಯುವುದನ್ನು ನಿಲ್ಲಿಸಿದಳು.

‘ಮತ್ತೆ ಅವನು?’

‘ಯಾವನು?’

‘ಅಲ್ಲಿ ಸತ್ತೋನು. ಹೆಂಡತಿ ಇಲ್ಲ, ಮಕ್ಕಳಿಲ್ಲ. ಪಿಯೇರಂಗೆ ಒಬ್ಬನೇ ಮಗ. ಅವನ ಹೆಸರಿನ ರಹದಾರಿ ಇಲ್ದಿದ್ರೆ ನಮ್ಮಜ್ಜ ನೇಣಿಗೆ ಹೋಗ್ತಿದ್ದ, ನಾನೂ ಇರ್ತಿರ್ಲಿಲ್ಲ, ಅಣ್ಣನೂ ಇರ್ತಿರ್ಲಿಲ್ಲ. ಭಯ ಹೋದ್ಮೇಲಾದ್ರೂ ಅಜ್ಜ ತನ್ನ ಹೆಸರಿಗೆ ತಿರುಗಬಹುದಿತ್ತು ಪ್ಲಾಸಿದ್. ತಿರುಗಲಿಲ್ಲ. ಹುಟ್ಟಿದ ಹಿರಿಮಗಂಗೆಲ್ಲ ಬಸೀಲ್ ಅಂತಲೇ ಇಡಿಸಿದ. ಆ ಮನುಷ್ಯ ಬರಲಿಲ್ಲ, ಅವನ ಹೆಸರಾದ್ರೂ ಊರಿಗೆ ಬರಲಿ ಅಂತ.’ ಈ ಮಾತು ಬಾಯಿಂದ ಹೊರಬೀಳುವವರೆಗೆ ಅವಳಿಗೂ ಅದು ಗೊತ್ತಿರಲಿಲ್ಲ. ‘ಮೇಯೆ ಅಂತಲೇ ಕೆತ್ತಿಸು. ಎಲ್ಲರದ್ದೂ ಮನೆತನದ ಹೆಸರು ಮಾತ್ರ, ಇದೊಂದು ಪೂರ್ತಿ ಇರಲಿ. ಬಸೀಲ್ ಮೇಯೆ. ನಮ್ಮಲ್ಲಿ ನಿಜವಾದ ಮೇಯೆ ಅವನೊಬ್ಬನೇ.’

‘ಅವನು ಈ ದಡಕ್ಕೆ ಬಂದೇ ಇಲ್ವಲ್ಲೇ!’

‘ಕಲ್ಲು ಇಡ್ತಿರೋದು ಯಾರಿಗೆ? ಬಂದೋರಿಗೆ ಮಾತ್ರನಾ?’

ಪ್ಲಾಸಿದ್ ಗಂಟನ್ನು ಇನ್ನೊಂದು ಸುತ್ತು ತಿರುಚಿದ. ‘ನಿಂಜೊತೆ ಮಾತಾಡಿ ಗೆದ್ದೋರಿಲ್ಲ,’ ಎಂದ. ‘ದಾಯಾದಿ ಅಂತ ಗೊತ್ತಾದ್ಮೇಲೆ ಇನ್ನೂ ಕಷ್ಟ.’

ಆಗಸ್ಟ್ ಹದಿನೈದರಂದು ಊರೇ ತಟ್ಟೆ, ತಪ್ಪಲೆ, ಡಬ್ಬ, ಗಂಟೆ ಬಡಿದುಕೊಂಡು ರಸ್ತೆಗಿಳಿಯಿತು. ಅಣ್ಣನ ಗಾಲಿಕುರ್ಚಿಯನ್ನು ಓಸಿತ್ ತಳ್ಳುತ್ತಿದ್ದಳು. ಪಕ್ಕದಲ್ಲಿ ಪ್ಲಾಸಿದ್ ಬಾಣಲೆ ಬಡಿಯುತ್ತಿದ್ದ. ‘ಏ ಒಣ ಬೂಟು, ಬೇಗ ಬೇಗ ಹೆಜ್ಜೆ ಹಾಕು!’ ಎಂದು ಅವನು ಕೂಗಿದಾಗ ಓಸಿತ್ ತಿರುಗಿ, ‘ನಿಮ್ಮಜ್ಜ ಇನ್ನೂ ಚೆನ್ನಾಗಿ ಬೈತಿದ್ದ’ ಎಂದಳು. ಅಣ್ಣನಿಗೆ ಅವಳು ಹಿಂದಿನ ದಿನ ಎಲ್ಲವನ್ನೂ ಹೇಳಿದ್ದಳು. ಅವನು ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದ್ದ. ಹೇಳಿ ತಪ್ಪು ಮಾಡಿದೆನೇನೋ ಎಂಬ ಅನುಮಾನ ಅವಳನ್ನು ದಾರಿಯುದ್ದಕ್ಕೂ ತಿನ್ನುತ್ತಿತ್ತು.

ಕಲ್ಲಿನ ಮುಂದೆ ಕುರ್ಚಿ ನಿಂತಿತು. ಅಣ್ಣ ಬಾಗಿ ಎಲ್ಲಕ್ಕಿಂತ ಕೆಳಗಿದ್ದ ಸಾಲಿನ ಮೇಲೆ ಬೆರಳಾಡಿಸಿದ. ಒಂದೊಂದೇ ಅಕ್ಷರ ಮುಟ್ಟಿದ. ಹೊಸದಾಗಿ ಕೆತ್ತಿದ ಕಲ್ಲಿನ ಪುಡಿ ಬೆರಳಿಗೆ ಅಂಟಿತು.

‘ಎಂಬತ್ತೆರಡು ವರ್ಷ ಇಟ್ಕೊಂಡಿದ್ದೆ ಕಣೇ ಇವನ ಹೆಸರ್ನ,’ ಎಂದ. ಕಿರುಗುಟ್ಟುವ ಉಸಿರಿನ ನಡುವೆ ತಂಗಿಯ ಮುಖವನ್ನೇ ನೋಡಿದ. ‘ಕೊಳೆ ಮಾಡಿಲ್ಲ ಅಲ್ವಾ ನಾನು?’

‘ಇಲ್ಲ ಅಣ್ಣ,’ ಎಂದಳು ಓಸಿತ್.